ಅರ್ಧ ಕಚ್ಚಿದ ಗೇರ್

ಜುಲೈ ತಿಂಗಳ ಬೆಳಿಗ್ಗೆ. ತದಡಿ ಧಕ್ಕೆಯಿಂದ ಹೊರಟು ಇನ್ನೂ ನೂರು ಮಾರು ದಾಟಿರಲಿಲ್ಲ. ಮಾವ ವೇಗ ಹೆಚ್ಚಿಸಿದ್ದೇ ತಡ, ದೋಣಿಯ ಹಿಂಬದಿಗೆ ತೂಗಿಸಿದ ಎಂಜಿನ್ ಒಮ್ಮೆಲೇ ಕಿರುಚಿತು. ನೀರಿನೊಳಗಿಂದ ಕಟಕಟ ಸದ್ದು. ದೋಣಿ ಮಾತ್ರ ಮುಂದೆ ಹೋಗಲಿಲ್ಲ.

ಇಳಿತದ ಹೊತ್ತು ಬೇರೆ. ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ, ಶಿರಸಿ ಕಡೆ ಸುರಿದ ಮಳೆಯೆಲ್ಲ ಕೆಂಪಾಗಿ ಕೆಳಗೇ ಬರುತ್ತದೆ. ದೋಣಿ ಮೆಲ್ಲಗೆ ಅಳಿವೆ ಕಡೆ ಜಾರತೊಡಗಿತು. ಮಾವ ಗೇರ್ ತೆಗೆದು ಮತ್ತೆ ಹಾಕಿದ. ಮೆಲ್ಲಗೆ ಬಿಟ್ಟರೆ ಗೇರ್ ಕಚ್ಚಿ ನಿಲ್ಲುತ್ತಿತ್ತು, ಸ್ವಲ್ಪ ಜಾಸ್ತಿ ಕೊಟ್ಟರೆ ಕಳಚಿ ಹಾರುತ್ತಿತ್ತು.

"ರಿವರ್ಸ್ ಹಾಕಿ ನೋಡು ಮಾವ" ಅಂದೆ.

ರಿವರ್ಸ್ ಗಟ್ಟಿಯಾಗಿ ಕೂತಿತು. ಎಂಜಿನ್ ಮೇಲೇಳದ ಹಾಗೆ ಕೊಂಡಿ ಹಾಕಿ, ಹಿಂಬದಿ ಮುಂದೆ ಮಾಡಿಕೊಂಡು ದಡಕ್ಕೆ ಬಂದೆವು. ಧಕ್ಕೆಯ ಮೇಲಿದ್ದವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಏಡಿ ಬಂತು, ಏಡಿ ಬಂತು ಅಂತ.

ನಗು ಬರುವ ಕಾಲ ಅದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗೆ ವಿನಾಯಿತಿ. ಮಾವನದು 9.9ರ ಹಳೇ ಟೂ ಸ್ಟ್ರೋಕ್. ನಾಲ್ಕು ಕಾಸು ನೋಡುವುದು ಈ ಎರಡು ತಿಂಗಳಲ್ಲೇ.

ಪರಿಚಯದ ಮೆಕ್ಯಾನಿಕ್ ಫೋನಿನಲ್ಲೇ ತೀರ್ಪು ಕೊಟ್ಟ. ಒಳಗಿನ ಹಲ್ಲು ಸವೆದಿದೆ, ಸೆಟ್ಟೇ ಬದಲಿಸಬೇಕು. ಮಾವ ಬೀಡಿ ಹಚ್ಚಿ, "ಎಂಜಿನ್‌ಗೂ ನನ್ನಷ್ಟೇ ವಯಸ್ಸಾಯ್ತು, ಎಂತ ಮಾಡೂದು" ಅಂದ. ನಾನು ಬಾಯಿ ಬಿಡಲಿಲ್ಲ. ಯಾಕಂದರೆ ಹತ್ತು ದಿನದ ಹಿಂದೆ ಆ ಎಂಜಿನ್ ಬಿಚ್ಚಿದವನು ನಾನೇ. ಎಂಜಿನ್ ತಣಿಸಿ ಹೊರಬರುವ ನೀರು ಸಣ್ಣಗೆ ಉಗುಳುತ್ತಿತ್ತು ಅಂತ ಕೆಳಗಿನ ಗೇರ್ ಪೆಟ್ಟಿಗೆ ಇಳಿಸಿ, ಪಂಪಿನ ರಬ್ಬರ್ ಬದಲಿಸಿದ್ದೆ. ನೀರು ಚೆನ್ನಾಗಿ ಬರತೊಡಗಿದಾಗ ಮಾವ ಊರೆಲ್ಲ ಹೊಗಳಿಕೊಂಡು ಬಂದಿದ್ದ.

ಮೊದಲು ಪ್ಲಗ್ಗಿನ ವೈರ್ ಕಿತ್ತಿಟ್ಟೆ. ಕೈಯಲ್ಲಿ ಫ್ಯಾನ್, ಅಂದರೆ ನೀರಿನೊಳಗೆ ತಿರುಗಿ ದೋಣಿ ದೂಡುವ ರೆಕ್ಕೆ, ತಿರುಗಿಸುವಾಗ ಎಂಜಿನ್ ಸ್ಟಾರ್ಟ್ ಆದರೆ ಬೆರಳು ಹೋಗುತ್ತದೆ. ಫ್ಯಾನಿನ ನಡುವಿನ ರಬ್ಬರ್ ಜಾರಿದರೂ ಎಂಜಿನ್ ಸುಮ್ನೆ ಕೂಗುತ್ತದೆ, ಆದರೆ ಆಗ ಕಟಕಟ ಅನ್ನುವುದಿಲ್ಲ. ಹಾಗಾಗಿ ಅದನ್ನು ಬಿಟ್ಟೆ. ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲ್ ತೆಂಗಿನ ಗೆರಟೆಗೆ ಬಸಿದೆ. ನೀರು ಸೇರಿದ್ದರೆ ಹಾಲು ಹಾಕಿದ ಚಹಾದಂತಿರಬೇಕಿತ್ತು. ನಮ್ಮದು ಕಪ್ಪಗಿತ್ತು, ಬೆರಳಲ್ಲಿ ತಿಕ್ಕಿದರೆ ಕಬ್ಬಿಣದ ಚೂರೂ ಸಿಗಲಿಲ್ಲ.

ಆಮೇಲೆ ಮಾವನಿಗೆ ಗೇರ್ ಹಿಡಿ ಕೊಟ್ಟು, ನಾನು ಫ್ಯಾನ್ ಹಿಡಿದು ಕುಕ್ಕರಗಾಲಲ್ಲಿ ಕೂತೆ. "ಹಿಂದಕ್ಕೆ ಹಾಕು." ಹಿಡಿ ಸ್ವಲ್ಪ ಅಲುಗುತ್ತಲೇ ಫ್ಯಾನ್ ಗಪ್ ಅಂತ ನಿಂತಿತು. "ಈಗ ಮುಂದಕ್ಕೆ." ಹಿಡಿ ಹೋಯಿತು, ಹೋಯಿತು, ಫ್ಯಾನ್ ಇನ್ನೂ ಆರಾಮಾಗಿ ತಿರುಗುತ್ತಲೇ ಇತ್ತು. ಕೊನೆಗೆ ಹಿಡಿ ಇನ್ನು ಹೋಗುವುದಿಲ್ಲ ಅನ್ನುವಲ್ಲಿ ಮಾತ್ರ ಸಣ್ಣಗೆ ಕಚ್ಚಿತು.

ನನಗೆ ಹೊಟ್ಟೆಯಲ್ಲಿ ಚಳಿ ಹುಟ್ಟಿತು. ಗೇರ್ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಎದುರು ತಿರುಗುವ ಎರಡು ಗೇರ್, ನಡುವೆ ಆಚೀಚೆ ಜಾರುವ ಹಲ್ಲಿನ ತುಂಡು. ಅದನ್ನು ದೂಡುವುದು ಮೇಲಿನಿಂದ ಬರುವ ರಾಡ್. ರಾಡ್ ಪೂರ್ತಿ ಓಡದಿದ್ದರೆ ಹಲ್ಲಿನ ತುದಿಯಷ್ಟೇ ಸಿಕ್ಕಿಕೊಳ್ಳುತ್ತದೆ, ಅಗುಳಿ ಅರ್ಧಕ್ಕೇ ನಿಂತ ಬಾಗಿಲ ಹಾಗೆ. ಮೆಲ್ಲಗೆ ತಳ್ಳಿದರೆ ತಡೆಯುತ್ತದೆ, ಜೋರು ಬಿದ್ದರೆ ಹಾರುತ್ತದೆ.

ಆ ರಾಡ್ ಮೇಲೊಂದು ಕೆಳಗೊಂದು ಎರಡು ತುಂಡು, ಅವು ಸೇರುವಲ್ಲಿ ಒಂದು ಉದ್ದ ನಟ್ ಇದೆ. ಉಪ್ಪು ಕಟ್ಟಿ ಬೆಳ್ಳಗಾಗಿತ್ತು. ಒರೆಸಿ ನೋಡಿದೆ. ಕೆಳಗಿನ ರಾಡಿಗೆ ನಾಲ್ಕೇ ಸುತ್ತು ಹಿಡಿದಿತ್ತು. ಅವತ್ತು ಮಳೆ ಬಂತು ಅಂತ ಗಡಿಬಿಡಿಯಲ್ಲಿ ಲಾಕ್ ನಟ್ ಬಿಗಿದು ಎದ್ದಿದ್ದೆ. ಹಾಗಾಗಿ ರಾಡ್ ಉದ್ದವಾಗಿ, ಹಿಂದಿನ ಗೇರ್ ಬೇಗ ಸಿಕ್ಕಿ, ಮುಂದಿನದು ಅರ್ಧಕ್ಕೇ ನಿಲ್ಲುತ್ತಿತ್ತು.

"ಮಾವ, ಇದು ನಂದೇ ತಪ್ಪು" ಅಂದೆ.

ಮಾವ ಬೀಡಿ ಆರಿಸಿದ. ಬೈಗುಳಕ್ಕೆ ಕಾದು ನಿಂತೆ. ಅವನು ಸ್ಪ್ಯಾನರ್ ನನ್ನ ಕೈಗಿಟ್ಟು, "ಈ ಸಲ ಎಣಿಸಿ ತಿರುಗಿಸು ತಮ್ಮಾ" ಅಂದ.

ಎಣಿಸಿದೆ. ಒಂದೊಂದು ಸುತ್ತಿಗೂ ಹಿಡಿ ಆಡಿಸಿ, ಫ್ಯಾನ್ ತಿರುಗಿಸಿ ನೋಡಿದೆ. ನ್ಯೂಟ್ರಲ್ ಸರಿಯಾಗಿ ನಡುವೆ ಬಂದು, ಎರಡೂ ಕಡೆ ಒಂದೇ ದೂರಕ್ಕೆ ಕಚ್ಚಿದಾಗ ಒಂಬತ್ತು ಸುತ್ತಾಗಿತ್ತು. ಹೊಸ ಆಯಿಲ್ ತುಂಬಿ, ಸಂಜೆ ಉಬ್ಬರಕ್ಕೆ ದೋಣಿ ಬಿಟ್ಟೆವು. ಪೂರ್ತಿ ವೇಗ ಕೊಟ್ಟರೂ ಗೇರ್ ಹಾರಲಿಲ್ಲ. ಆ ದಿನ ಸಿಕ್ಕಿದ್ದು ಒಂದು ಬುಟ್ಟಿ ಶೆಟ್ಲಿ (ಸಿಗಡಿ) ಮಾತ್ರ.

ಆ ಹತ್ತು ದಿನದಲ್ಲಿ ಹಲ್ಲಿನ ಮೂಲೆ ಸ್ವಲ್ಪ ಉರುಟಾಗಿರಬೇಕು. ಈಗಲೂ ಅಳಿವೆಯ ಅಲೆಗೆ ಎದುರು ಹೋಗುವಾಗ ಅಪರೂಪಕ್ಕೊಮ್ಮೆ ಕಟ್ ಅನ್ನುತ್ತದೆ. ಆಗ ಮಾವ ಎಂಜಿನ್ ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ.