ಮರೀ ರೊಲೆಯ ಹೆಣ್ಣುಮಕ್ಕಳು

14 ಜುಲೈ 2024, ಭಾನುವಾರ
ಕ್ವಿಬೆಕ್ ನಗರ

ಬೆಳಿಗ್ಗೆ ಮಾಂಟ್ರಿಯಲ್‌ನಿಂದ ಬಸ್ಸು ಹತ್ತಿ ಬಂದೆ, ಒಬ್ಬ ಹೆಂಗಸನ್ನು ನೋಡುವುದಕ್ಕೆ. ಅವಳು ತೀರಿಹೋಗಿ 375 ವರ್ಷ ಆಯಿತು.

ಕಳೆದ ತಿಂಗಳು ಸಹೋದ್ಯೋಗಿಯೊಬ್ಬಳು ತನ್ನ ವಂಶವೃಕ್ಷದ ಹಾಳೆ ಬಿಚ್ಚಿ ತೋರಿಸಿದ್ದಳು. ಅದರ ತುತ್ತತುದಿಯಲ್ಲಿ ಮರೀ ರೊಲೆ ಎಂಬ ಹೆಸರಿತ್ತು. ಇಲ್ಲಿನ ಹಳೆಯ ಚರ್ಚ್ ದಾಖಲೆಗಳಲ್ಲಿ ಮದುವೆಯಾದ ಹೆಣ್ಣನ್ನೂ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ನಮ್ಮ ಮನೆಯ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ, ಹೆಂಗಸರ ಜಾಗದಲ್ಲಿ ಒಂದು ಗೆರೆ ಮಾತ್ರ ಇದೆ. ಆ ಹಾಳೆ ನೋಡಿದಾಗ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು.

ಮಾಂಮೊರೆನ್ಸಿ ಪಾರ್ಕಿನಲ್ಲಿ ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದ ಅವಳ ಗಂಡ ಲೂಯಿ ಎಬೆರ್‌ನ ಸ್ಮಾರಕವಿದೆ. ಶಿಲ್ಪಿ ಆಲ್ಫ್ರೆಡ್ ಲಾಲಿಬೆರ್ತೆ, ವರ್ಷ 1918. ಗಂಡ ಮೇಲೆ ನಿಂತಿದ್ದಾನೆ, ಕೈಯಲ್ಲಿ ಗೋಧಿಯ ತೆನೆಗಳು. ಮರೀ ಕೆಳಗೆ ಮೂವರು ಮಕ್ಕಳನ್ನು ಹತ್ತಿರ ಸೇರಿಸಿಕೊಂಡು ಕೂತಿದ್ದಾಳೆ. ಕಂಚು ಹಸಿರುಗಟ್ಟಿದೆ. ನಾನು ಬಹಳ ಹೊತ್ತು ಅವಳೆದುರೇ ನಿಂತಿದ್ದೆ.

ಮರೀ ಪ್ಯಾರಿಸ್ಸಿನವಳು. ಮೊದಲ ಗಂಡ ಕೊಂಪಿಯೆನ್ ಊರಿನ ವ್ಯಾಪಾರಿ, ಬೇಗ ತೀರಿಕೊಂಡ. 1601ರಲ್ಲಿ ಔಷಧಿ ತಯಾರಿಸುವ ಎಬೆರ್‌ನನ್ನು ಮದುವೆಯಾದಳು. ಅವನಿಗೆ ಹೊಸ ನೆಲದ ಹುಚ್ಚು. ಆಗಲೇ ಈಗಿನ ಕೆನಡಾದ ಪೂರ್ವ ಕರಾವಳಿಯಲ್ಲಿದ್ದ ಫ್ರೆಂಚ್ ವಸಾಹತು ಅಕೇಡಿಯಾದ ಪೋರ್ ರೊಯಾಲ್‌ಗೆ ಹೋಗಿ ಬಂದಿದ್ದ. 1617ರಲ್ಲಿ ಇದ್ದದ್ದನ್ನೆಲ್ಲ ಮಾರಿ ಹೆಂಡತಿ ಮಕ್ಕಳೊಂದಿಗೆ ಓಂಫ್ಲೊರ್ ಬಂದರಿಗೆ ಬಂದಾಗ, ತುಪ್ಪಳದ ವ್ಯಾಪಾರದ ಕಂಪನಿ ಮಾತು ಬದಲಿಸಿತು. ಒಪ್ಪಿಕೊಂಡಿದ್ದ ಸಂಬಳದಲ್ಲಿ ಅರ್ಧ ಮಾತ್ರ ಕೊಡುತ್ತೇವೆ, ಇಡೀ ಸಂಸಾರ ಕಂಪನಿಗೆ ದುಡಿಯಬೇಕು ಅಂದರು. ಹಿಂದಿರುಗಲು ಮನೆಯೇ ಇರಲಿಲ್ಲ. ಸಹಿ ಹಾಕಿ ಹಡಗು ಹತ್ತಿದರು. ನಡುಗಡಲಲ್ಲಿ ಮಂಜುಗಡ್ಡೆಗಳ ಮಧ್ಯೆ ಸಿಕ್ಕಿ ಎಲ್ಲರೂ ಬದುಕುವ ಆಸೆ ಬಿಟ್ಟಾಗ, ಪಾದ್ರಿ ಆಶೀರ್ವದಿಸಲಿ ಎಂದು ಮರೀ ಹಡಗಿನ ಒಳಗಿನಿಂದ ಕಿಂಡಿಯ ಮೂಲಕ ಕೊನೆಯ ಕೂಸನ್ನು ಮೇಲಕ್ಕೆತ್ತಿ ಹಿಡಿದಳಂತೆ. ಬೇರೆಲ್ಲ ಇಸವಿಗಳು ಮರೆತುಹೋದರೂ ಆ ಎರಡು ಕೈಗಳು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಹಿರಿಮಗಳು ಆನ್ 1618ರಲ್ಲಿ ಮದುವೆಯಾಗಿ, ಬಾಣಂತನದಲ್ಲಿ ತೀರಿಕೊಂಡಳು. ಎರಡನೆಯವಳು ಗಿಯೆಮೆತ್ 1621ರಲ್ಲಿ ಗಿಯೋಮ್ ಕುಯಾರ್‌ನನ್ನು ವರಿಸಿದಳು. 1627ರ ಜನವರಿಯಲ್ಲಿ ಎಬೆರ್ ಮಂಜಿನ ಮೇಲೆ ಜಾರಿಬಿದ್ದು ಸತ್ತ. ನೇಗಿಲಿಗೆ ಎತ್ತು ಕಟ್ಟಿ ಉತ್ತದ್ದು ಆಮೇಲೆ, 1628ರ ವಸಂತದಲ್ಲಿ. ಅಲ್ಲಿಯವರೆಗೆ ಆ ನೆಲವನ್ನೆಲ್ಲ ಕೈ ಸಲಕರಣೆಗಳಿಂದಲೇ ಅಗೆದಿದ್ದರು. 1629ರಲ್ಲಿ ಮರೀ ಗಿಯೋಮ್ ಊಬೂ ಎಂಬವನನ್ನು ಮದುವೆಯಾದಳು. ಅದೇ ಬೇಸಿಗೆಯಲ್ಲಿ ಇಂಗ್ಲಿಷರ ಪರವಾಗಿ ಕರ್ಕ್ ಸಹೋದರರು ಊರನ್ನು ಹಿಡಿದರು. ಈ ಊರನ್ನು ಕಟ್ಟಿದ ಶಾಂಪ್ಲೇನ್ ಮತ್ತು ಹೆಚ್ಚಿನ ಫ್ರೆಂಚರು ಹಡಗು ಹತ್ತಿದರು. ಈ ಮನೆಯವರು ಕದಲಲಿಲ್ಲ. ಬಿತ್ತಿದ ಹೊಲ, ಕೈಗೂಸುಗಳು, ಮಣ್ಣಾದ ಗಂಡ, ಎಲ್ಲ ಅಲ್ಲೇ ಇರುವಾಗ ಹೇಗೆ ಹೋದಾರು?

ಇದನ್ನೂ ಬರೆಯಲೇಬೇಕು. ಆ ನೆಲ ಖಾಲಿ ಇರಲಿಲ್ಲ. ಪಾದ್ರಿಗಳು ಮರೀಯ ಮನೆಯಲ್ಲಿ ಬಿಟ್ಟ ಮೂಲನಿವಾಸಿ ಹುಡುಗಿಯರನ್ನು ಅವಳು ಸಾಕಿದಳು, ಓದಿಸಿದಳು ಎಂದು ಹೊಗಳುತ್ತಾರೆ. ಆ ಮಕ್ಕಳಿಗೆ ತಮ್ಮ ತಾಯಿ ನೆನಪಾಗುತ್ತಿರಲಿಲ್ಲವೇ? ಅಳಿಯ ಕುಯಾರ್‌ನ ಮನೆಯಲ್ಲಿ ಆಫ್ರಿಕಾ ಕಡೆಯಿಂದ ತಂದು ಮಾರಿದ್ದ ಗುಲಾಮ ಹುಡುಗನೊಬ್ಬನಿದ್ದ. ಅವನಿಗಿಟ್ಟ ಹೆಸರು ಒಲಿವಿಯೆ ಲೆ ಜೊನ್. ದೀಕ್ಷೆ ಪಡೆದರೆ ನಮ್ಮ ಹಾಗೆ ಆಗುತ್ತೀಯ ಎಂದು ಯಜಮಾನಿ ಹೇಳಿದಾಗ, ಹಾಗಾದರೆ ನನ್ನ ಚರ್ಮ ಸುಲಿಯುತ್ತಾರೆಯೇ ಎಂದು ಆ ಹುಡುಗ ಕೇಳಿದ. ಪಾದ್ರಿಯೇ ಇದನ್ನು ಬರೆದಿಟ್ಟಿದ್ದಾನೆ. 1654ರಲ್ಲಿ ಆತ ಸತ್ತ. ವಂಶವೃಕ್ಷದ ಯಾವ ಕೊಂಬೆಯಲ್ಲೂ ಅವನಿಲ್ಲ, ಆದರೆ ಆ ಮನೆಯ ಒಲೆಗೆ ಅವನೂ ದುಡಿದಿದ್ದಾನೆ.

1640ರಲ್ಲಿ ಇಲ್ಲಿನ ಚರ್ಚ್ ಸುಟ್ಟು ಜನನ, ಮರಣ, ಮದುವೆಯ ಪುಸ್ತಕಗಳೆಲ್ಲ ಬೂದಿಯಾದವು. ಪಾದ್ರಿಗಳು ನೆನಪಿನಿಂದಲೇ ಮತ್ತೆ ಬರೆದರು. ಒಂದು ಹಿಡಿ ಜನರ ಊರು, ಯಾವ ಮಗು ಯಾರದೆಂದು ಎಲ್ಲರಿಗೂ ಗೊತ್ತಿದ್ದ ಕಾಲ. ಸಹೋದ್ಯೋಗಿಯ ಹಾಳೆಯ ಮೇಲಿನ ಸಾಲುಗಳು ಹಾಗೆ ಉಳಿದು ಬಂದವು.

ಎಬೆರ್ ಎಂಬ ಹೆಸರು ಈ ಮನೆಯಲ್ಲಿ ಮುಂದುವರಿಯಲಿಲ್ಲ. ಮಗ ಗಿಯೋಮ್‌ನ ಗಂಡುಸಂತತಿ ಇರೊಕ್ವಾ ಎಂಬ ಮೂಲನಿವಾಸಿಗಳೊಂದಿಗಿನ ಯುದ್ಧದ ಕಾಲಕ್ಕೆ ಕಡಿದುಹೋಯಿತು. ರಕ್ತ ಹರಿದದ್ದು ಹೆಣ್ಣುಮಕ್ಕಳಿಂದ. ಗಿಯೆಮೆತ್ ಹತ್ತು ಮಕ್ಕಳನ್ನು ಹೆತ್ತಳು. 1684ರಲ್ಲಿ ಅವಳು ಕಣ್ಣುಮುಚ್ಚುವಾಗ ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಸೇರಿ 250ಕ್ಕೂ ಹೆಚ್ಚು ಮಂದಿ ಇದ್ದರು. ತಂದೆಯ ಹೊಲದ ಬಹುಭಾಗವನ್ನು ಆಕೆ 1666ರಲ್ಲಿ ಬಿಷಪ್ ಲಾವಾಲ್‌ಗೆ ಮಾರಿದ್ದಳು, ಪಾದ್ರಿಗಳನ್ನು ತಯಾರು ಮಾಡಲು ಕಟ್ಟಿದ ಸೆಮಿನರಿ ನಿಂತಿರುವುದು ಅಲ್ಲೇ.

ಸಂಜೆ ಎಬೆರ್ ಬೀದಿ, ಕುಯಾರ್ ಬೀದಿ ಹಿಡಿದು ನಡೆದೆ. ಇಳಿಜಾರು, ಕಲ್ಲಿನ ಗೋಡೆಗಳು, ಕಿಟಕಿಗಳಲ್ಲಿ ಕೆಂಪು ಜಿರೇನಿಯಂ. ಕೊನೆಗೆ ಓತೆಲ್ ದಿಯು ಆಸ್ಪತ್ರೆಯ ಗೋಡೆ ಬಂತು. ಗಿಯೆಮೆತ್ ಮುದಿ ವಯಸ್ಸಿನಲ್ಲಿ ಅಲ್ಲಿ ಸೇರಿ, ಅಲ್ಲೇ ತೀರಿಕೊಂಡಳು. ಗೋಡೆಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ದಿನವಿಡೀ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು.