ಮರಳಾಗೋದು ಶಾಪನಾ, ಅಂಕಲ್?

ದೋಣಿ ಬಾಡಿಗೆಗೆ ಕೊಡುವಾಕೆ ನಮ್ಮ ಚೀಲದಲ್ಲಿದ್ದ ಉಪ್ಪಿನಕಾಯಿ ಬಾಟಲಿ ನೋಡಿ, ಗಾಜು ನದಿಗೆ ಒಯ್ಯುವಂತಿಲ್ಲ ಎಂದಳು. ಊರಿಂದ ಅಮ್ಮ ಕಳಿಸಿದ್ದ ಮಾವಿನಮಿಡಿ ಅದು. ಗೆಳೆಯ ಕಾರಿನ ಬಾನೆಟ್ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟು ಚಮಚದಲ್ಲಿ ಒಂದೊಂದೇ ಮಿಡಿ ಎತ್ತಿ ಹಾಕಿದ, ಕೊನೆಗೆ ಖಾರದ ರಸವನ್ನೂ ಬಗ್ಗಿಸಿದ. ಯಾಕೆ ಈ ನಿಯಮ ಅಂತ ಕೇಳಿದ್ದಕ್ಕೆ ಆಕೆ ಹೇಳಿದ್ದು ಒಂದೇ ಮಾತು. ಅಲ್ಲಿ ಎಲ್ಲರೂ ಬರಿಗಾಲಲ್ಲಿ ನಡೀತಾರೆ.

ಇದು ಅಮೆರಿಕದ ವಿಸ್ಕಾನ್ಸಿನ್ ನದಿ. ಮೇಲೆಲ್ಲ ಒಟ್ಟು 26 ಅಣೆಕಟ್ಟು ಕಟ್ಟಿದ್ದಾರೆ. ಆದರೆ ಪ್ರೇರಿ ಡು ಸ್ಯಾಕ್ ಅಣೆಕಟ್ಟು ದಾಟಿದ ಮೇಲೆ ಮಿಸಿಸಿಪ್ಪಿ ಸೇರುವವರೆಗೆ, ಸುಮಾರು 148 ಕಿಲೋಮೀಟರ್, ಅದಕ್ಕೆ ಅಡ್ಡ ಏನೂ ಇಲ್ಲ. 1989ರಲ್ಲಿ ಕಾನೂನು ಮಾಡಿ ಈ ಭಾಗವನ್ನು ಹಾಗೇ ಉಳಿಸಿಕೊಂಡರು. ಇಲ್ಲಿನ ಸರ್ಕಾರಿ ಮರಳದಿಬ್ಬಗಳ ಮೇಲೆ ಯಾರು ಬೇಕಾದರೂ ಮೂರು ದಿನದವರೆಗೆ ಡೇರೆ ಹಾಕಬಹುದು. ದುಡ್ಡು ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಕಸದ ಚೀಲ ಮಾತ್ರ ಜೊತೆಗಿರಬೇಕು.

ನಾವು ಎರಡು ಮನೆಯವರು, ಮೂರು ಕೆನೂ, ಅಂದರೆ ಮೂತಿ ಚೂಪಾದ ಉದ್ದನೆ ದೋಣಿ. ಸಾಕ್ ಸಿಟಿ ಹತ್ತಿರ ನೀರಿಗಿಳಿದೆವು. ನೀರು ಹಾಲು ಹಾಕದ ಟೀ ಬಣ್ಣ. ಹಿಂದೆ ಕೂತವರು ಹುಟ್ಟು ಸ್ವಲ್ಪ ತಿರುಗಿಸಿದರೂ ಕೆನೂ ಮೂತಿ ಬೇರೆ ಕಡೆ ಹೊರಳುತ್ತದೆ. ನಮ್ಮ ಕಡೆಯ ಹರಿಗೋಲಿಗೆ ಮೂತಿಯೇ ಇಲ್ಲ, ಗುಂಡಗೆ ತಿರುಗುತ್ತಾ ತಿರುಗುತ್ತಾ ದಡ ಸೇರಿಸುತ್ತಿತ್ತಲ್ಲ, ಅದು ನೆನಪಾಗಿ ಒಂದು ಕ್ಷಣ ಹುಟ್ಟು ಹಾಕುವುದನ್ನೇ ಬಿಟ್ಟೆ.

ಸಂಜೆ ಒಂದು ದಿಬ್ಬಕ್ಕೆ ದೋಣಿ ಎಳೆದೆವು. ರಾತ್ರಿ ಮೇಲಿನಿಂದ ನೀರು ಜಾಸ್ತಿ ಬಿಟ್ಟರೆ ದಿಬ್ಬದ ಅಂಚು ಮುಳುಗುತ್ತದೆ, ಅದಕ್ಕೇ ಗೆಳೆಯ ನೀರಿನಂಚಲ್ಲಿ ಒಂದು ಕಡ್ಡಿ ನೆಟ್ಟ. ಅವನ ಎಂಟು ವರ್ಷದ ಮಗಳಿಗೆ ಕಾವಲು ಕೆಲಸ. ಅವಳು ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಹಿಡಿದು ಓಡಿ ಹೋಗಿ ನೋಡಿ ಬರುತ್ತಿದ್ದಳು. ನಾನು ಬೈದೆ. ಈ ಮರಳು ಮೊಣಕಾಲು ನೀರಲ್ಲಿ ಹಾಸಿಕೊಂಡಿರುತ್ತೆ, ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳ. ಬೈದಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡಳು. ಸಮಾಧಾನ ಮಾಡೋಣ ಅಂತ ಬೆಂಕಿ ಪಕ್ಕ ಕೂರಿಸಿಕೊಂಡು ಅಲಮೇಲಮ್ಮನ ಕಥೆ ಹೇಳಿದೆ. ಒಡವೆಗೆ ರಾಜನ ಕಡೆಯವರು ಬೆನ್ನಟ್ಟಿ ಬಂದದ್ದು, ಅವಳು ಕಾವೇರಿಗೆ ಹಾರುವ ಮುಂಚೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅಂದದ್ದು, ಎಲ್ಲಾ.

ಅವಳು ಮರಳಲ್ಲಿ ಕಾಲು ಹೂತುಕೊಂಡು ಕೇಳುತ್ತಿದ್ದಳು. ಮರಳು ಇನ್ನೂ ಬೆಚ್ಚಗಿತ್ತು. "ಅಂಕಲ್, ಮಡು ಓಕೆ, ಅದು ಶಾಪ. ಮರಳಾಗೋದು ಹೇಗೆ ಶಾಪ? ಮರಳು ಚೆನ್ನಾಗಿದೆ ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವಸ್ಥಾನ, ಮನೆ ಎಲ್ಲಾ ಮುಚ್ಚಿ ಹೋದವು ಪುಟ್ಟಿ ಅಂದೆ. ಅವಳು ತಲೆಯಾಡಿಸಿ ಕಡ್ಡಿ ನೋಡಲು ಹೋದಳು. ನಾನು ಅಲ್ಲೇ ಕೂತೆ.

ನಮ್ಮೂರು ತಲಕಾಡಿನಿಂದ ದೂರವಲ್ಲ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಹೊಳೆ ಒಂದು ಬದಿಗೆ ಸರಿದು, ಈ ಕಡೆ ಪೂರ್ತಿ ಮರಳೇ ಇರುತ್ತಿತ್ತು. ಕೈಯಲ್ಲಿ ಮೊಳದುದ್ದ ಗುಂಡಿ ತೋಡಿದರೆ ತಿಳಿ ನೀರು ಬರುತ್ತಿತ್ತು, ಅಮ್ಮ ಅದನ್ನೇ ಚೆಂಬಿನಲ್ಲಿ ಮೊಗೆದು ಬಿಂದಿಗೆಗೆ ಸೋಸಿಕೊಳ್ಳುತ್ತಿದ್ದಳು. ಆಮೇಲೆ ಎತ್ತಿನ ಗಾಡಿ ಬಂತು, ಟ್ರ್ಯಾಕ್ಟರ್ ಬಂತು, ರಾತ್ರಿ ಲಾರಿಗಳು ಬಂದವು. ಊರವರಿಗೆ ಕೂಲಿ ಸಿಕ್ಕಿತು. ನಮ್ಮ ಮನೆ ಮೇಲಂತಸ್ತು ಕಟ್ಟಿದ್ದೂ ಅದೇ ಮರಳಲ್ಲಿ, ನಾನೇ ಇಲ್ಲಿಂದ ಕಳಿಸಿದ ದುಡ್ಡಿನಲ್ಲಿ. ಮರಳು ತೆಗೆದ ಕಡೆ ಗುಂಡಿ ಉಳಿದವು. ಮೇಲೆ ನೀರು ಸಮ, ಕೆಳಗೆ ಎಷ್ಟು ಆಳ ಅಂತ ಗೊತ್ತಾಗಲ್ಲ. ನನ್ನ ಜೊತೆ ಓದಿದವನ ತಮ್ಮ ದನ ತೊಳೆಯಲು ಇಳಿದವನು ಅಂಥದ್ದರಲ್ಲೇ ಹೋದ. ಚಿಕ್ಕಂದಿನಿಂದ ಅವನು ಈಜಿದ ಜಾಗವೇ ಅದು. ಈಗ ನಮ್ಮೂರಲ್ಲಿ ಮಕ್ಕಳನ್ನು ಹೊಳೆಗೆ ಬಿಡುವುದಿಲ್ಲ. ಬಿಟ್ಟರೂ ಕಾಲಿಗೆ ಚಪ್ಪಲಿ ಬೇಕು, ಅಷ್ಟು ಬಾಟಲಿ ಚೂರು.

ಶಾಪದಲ್ಲಿ ಅರ್ಧ ನಾವೇ ತಿದ್ದಿಬಿಟ್ಟೆವು ಅನ್ನಿಸಿತು. ಮರಳು ಹೋಯಿತು, ಮಡು ಊರೂರಿಗೂ ಬಂತು. ಆ ಕಡೆ ದಡದ ಕಾಡಲ್ಲಿ ಒಂದು ಹಕ್ಕಿ ರಾತ್ರಿಯಿಡೀ ಒಂದೇ ರಾಗದಲ್ಲಿ ಕೂಗಿತು. ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕಡ್ಡಿ ನಾಲ್ಕು ಬೆರಳು ನೀರೊಳಗಿತ್ತು. ಮಗುವಿಗೆ ಹೇಳಲಾರದ ಖುಷಿ. ಮೊಸರನ್ನ, ಮಿಡಿ ತಿಂದು, ಬೆಂಕಿ ಆರಿಸಿ, ಕಸ ಕಟ್ಟಿಕೊಂಡು ಸ್ಪ್ರಿಂಗ್ ಗ್ರೀನ್ ಕಡೆ ಹೊರಟೆವು.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ರಾತ್ರಿ ಹೊಳೆ ಒಳಗೆ ಯಾಕಪ್ಪಾ ಮಲಗಿದ್ರಿ? ನೀರು ಬಿಟ್ಟುಬಿಟ್ಟಿದ್ರೆ?" ಅಂತ ಬೈದಳು. ಅವಳಿಗೆ ಯಾವ ಅಣೆಕಟ್ಟಾದರೂ ಕೆಆರ್‌ಎಸ್ಸೇ. ಆಮೇಲೆ ದನಿ ಇಳಿಸಿ ಕೇಳಿದಳು.

"ಮರಳಿದೆಯಾ ಅಲ್ಲಿ?"

"ಇದೆಯಮ್ಮ. ಕಣ್ಣು ಹಾಯುವಷ್ಟು ದೂರ."

"ತೋಡಿದ್ರೆ ನೀರು ಬರುತ್ತಾ?"

ತೋಡಿ ನೋಡಲಿಲ್ಲ ಅಂದೆ.