ಹಸಿರು ಬೋಯಾದ ತಪ್ಪು ಮಗ್ಗುಲು

"ನಿಮ್ ಬೋಯಾ ಇದ್ದಲ್ಲೇ ಇತ್ತ್ ಸಾರ್, ನೀರೇ ಆಚಿಗ್ ಹೋಯ್ತ್."

ಕಳೆದ ಮಂಗಳವಾರದಿಂದ ಈ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹೇಳಿದವರು ಕುಂದಾಪುರ ಸೀಮೆಯ ಒಂದು ಅಳಿವೆಯಲ್ಲಿ ನಲವತ್ತು ಮಳೆಗಾಲ ಕಂಡ, ದೋಣಿ ನಡೆಸುವ ತಾಂಡೇಲರು. ಕೇಳಿಸಿಕೊಂಡವನು ನಾನು. ಹಡಗು, ದೋಣಿಗಳಿಗೆ ದಾರಿ ತೋರಿಸುವ ದೀಪ, ನೀರಿನಲ್ಲಿ ಸರಪಳಿ ಕಟ್ಟಿ ತೇಲಿಬಿಟ್ಟ ಬೋಯಾ, ಇತರ ಗುರುತುಗಳೆಲ್ಲ ಮಾನದಂಡದ ಪ್ರಕಾರ ಇವೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ನೌಕರಿ. ನಾನು ಬಯಲುಸೀಮೆಯವನು. ಕುಂದಾಪುರದ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ' ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಬೋಯಾ ಮೊದಲು ಅಲ್ಲಿತ್ತು, ಈಗ ಜಾಗ ಬಿಟ್ಟಿದೆ ಎಂದು ಅವರು ದೂರುತ್ತಿದ್ದಾರೆಂದು ತಿಳಿದು, ಕೈಯಲ್ಲಿದ್ದ ಜಿಪಿಎಸ್ ಅನ್ನು ಅವರ ಮುಖದ ಮುಂದೆ ಹಿಡಿದು, "ಇದೆಯಲ್ಲ ಯಜಮಾನರೇ, ನಕ್ಷೆಯಲ್ಲಿ ಎಲ್ಲಿದೆಯೋ ಅಲ್ಲೇ ಇದೆ" ಎಂದೆ. ಅವರು ಜಿಪಿಎಸ್ ಕಡೆ ನೋಡಲೂ ಇಲ್ಲ. ಮಗುವಿಗೆ ಹೇಳುವಂತೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

ಅದಕ್ಕೆ ಹತ್ತು ನಿಮಿಷ ಮೊದಲು ನಡೆದದ್ದನ್ನು ಹೇಳದಿದ್ದರೆ ನನ್ನ ದಡ್ಡತನದ ಪೂರ್ಣ ಅಳತೆ ಸಿಗುವುದಿಲ್ಲ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ನಮ್ಮ ದೇಶದಲ್ಲಿ ಬಂದರಿನ ಒಳಕ್ಕೆ ಬರುವವನಿಗೆ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ ಸಿಗಬೇಕು. ಹಸಿರನ್ನು ಬಲಕ್ಕೆ ಬಿಟ್ಟು ಅದರ ಎಡಗಡೆಯಿಂದ ಹಾಯಬೇಕು. ನನ್ನ ಕಣ್ಣೆದುರೇ ಮೂರು ಬೋಟುಗಳು, ಒಂದರ ಹಿಂದೊಂದು, ಹಸಿರು ಬೋಯಾದ ತಪ್ಪು ಮಗ್ಗುಲಿನಿಂದ ಒಳಗೆ ಬಂದವು. ಜೊತೆಗಿದ್ದ ಕಿರಿಯ ಎಂಜಿನಿಯರರಿಗೆ, "ಇವರಿಗೆ ತರಬೇತಿ ಕೊಡಿಸಬೇಕು, ಬರೆದುಕೊಳ್ಳಿ" ಎಂದೆ. ಅವರು "ಆಯ್ತು ಸರ್" ಎಂದು ಬರೆದುಕೊಂಡರು. ನಾನು ಏನು ಹೇಳಿದರೂ ಬರೆದುಕೊಳ್ಳುವ ಈ ಹುಡುಗ ಒಳ್ಳೆಯವನು, ಆದರೆ ಅಂಥವರು ಅಧಿಕಾರಿಯ ಪಕ್ಕದಲ್ಲಿರುವುದು ಅಧಿಕಾರಿಗೆ ಒಳ್ಳೆಯದಲ್ಲ.

ಎರಡನೇ ಸಲ ಹೇಳಿದಾಗಲೂ ನನಗೆ ಅರ್ಥವಾಗಲಿಲ್ಲವೆಂದು ಕಂಡು ತಾಂಡೇಲರು ದೋಣಿಯ ತಳದಿಂದ ಬಿದಿರಿನ ಗಳು ಎತ್ತಿಕೊಂಡು ನೀರಿಗೆ ಇಳಿಬಿಟ್ಟರು. ನಾವಿದ್ದದ್ದು ಬೋಯಾದ ಸರಿಯಾದ ಮಗ್ಗುಲಿನಲ್ಲಿ, ನನ್ನ ಕಾಗದಗಳ ಪ್ರಕಾರ ಆಳವಾದ ನೀರಿರಬೇಕಾದ ಕಡೆ. ಗಳು ಒಂದು ಮಾರು ಇಳಿಯುವಷ್ಟರಲ್ಲಿ ನೆಲ ಮುಟ್ಟಿತು. ಮೇಲೆತ್ತಿದಾಗ ತುದಿಯಲ್ಲಿ ನುಣ್ಣನೆಯ ಬಿಳಿ ಮರಳು ಅಂಟಿಕೊಂಡಿತ್ತು. ಮಳೆಗಾಲದ ಅಲೆ ಮತ್ತು ಹೊಳೆಯ ನೆರೆ ಸೇರಿ ಅಳಿವೆಯ ಮರಳು ದಿಬ್ಬವನ್ನು ತಂದು ನಮ್ಮ ದಾರಿಯ ಮೇಲೆ ಕೂರಿಸಿದ್ದವು, ದಾರಿ ಬೋಯಾವನ್ನು ದಾಟಿ ಆಚೆ ಹೋಗಿತ್ತು. ಆಚೆಯ ನೀರಿನಲ್ಲಿ, ಆ ಹೊಸ ದಾರಿಯ ಅಂಚಿಗೆ, ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ತೇಲುತ್ತಿತ್ತು. ಅದಕ್ಕೆ ಬಿದಿರು ಕೋಲು, ಕೋಲಿಗೆ ಹರಿದ ಲುಂಗಿಯ ಬಾವುಟ, ತುದಿಗೆ ರಾತ್ರಿ ಬಲೆ ಗುರುತಿಸಲು ಕಟ್ಟುವ ಮಿಣುಕು ದೀಪ. ಊರಿನವರು ತಾವೇ ಇಟ್ಟುಕೊಂಡ ಗುರುತು. ನನ್ನ ಪುಸ್ತಕದ ಪ್ರಕಾರ ಅದು ಇರಬಾರದ ವಸ್ತು, ಅದನ್ನು ತೆಗೆಸುವುದು ನನ್ನ ಕರ್ತವ್ಯಗಳಲ್ಲೊಂದು.

ನನ್ನ ಬೋಯಾದಲ್ಲಿ ದೋಷವೇ ಇರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ತಳದಲ್ಲಿ ಚಿಪ್ಪು ಕಟ್ಟಿತ್ತು, ಸೋಲಾರ್ ಪ್ಯಾನಲ್ ಮೇಲೆ ಹಕ್ಕಿಗಳು ತಮ್ಮ ಷರಾ ಬರೆದಿದ್ದವು, ಅಷ್ಟೇ. ಬಣ್ಣ ಸರಿ, ತಲೆಯ ಮೇಲಿನ ಶಂಕು ಸರಿ, ದೀಪ ಮೂರು ಸೆಕೆಂಡಿಗೊಮ್ಮೆ ಹಸಿರಾಗಿ ಮಿಂಚುವುದು ಸರಿ, ಸ್ಥಾನ ಸರಿ. ದೀಪಗಳು ಎಷ್ಟು ಕಾಲ ಬೆಳಗಿದವು ಎಂಬುದಕ್ಕೆ ಐಎಎಲ್ಎ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಲೆಕ್ಕವಿದೆ: ಮೊದಲ ವರ್ಗದವು ಶೇಕಡಾ 99.8, ಎರಡನೆಯವು 99, ಮೂರನೆಯವು 97ರಷ್ಟು ಕಾಲ ಕೆಲಸ ಮಾಡಬೇಕು, ಮೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಬೇಕು. ಎರಡನೇ ವರ್ಗದ ಈ ಬೋಯಾ ನನ್ನ ರಿಜಿಸ್ಟರಿನಲ್ಲಿ 99.2 ಎಂದು ನಿಂತಿತ್ತು. ಆ ಅಂಕಿಯನ್ನು ನಾನು ಸಭೆಗಳಲ್ಲಿ ಎದೆಯುಬ್ಬಿಸಿ ಓದಿದ್ದೇನೆ. ಮರಳಿನ ಮೇಲೆ ಅದು ಎಷ್ಟು ರಾತ್ರಿ ನಿಷ್ಠೆಯಿಂದ ಹಸಿರು ತೋರಿಸಿತ್ತೋ, ಅಷ್ಟೂ ರಾತ್ರಿಗಳು ಆ 99.2ರ ಒಳಗೇ ಇದ್ದವು.

ಮಾನದಂಡವನ್ನು ಹಳಿಯಲು ನಾನು ಈಗಲೂ ಸಿದ್ಧನಿಲ್ಲ. 1976ರ ಹೊತ್ತಿಗೂ ಜಗತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಬೋಯಾ ಪದ್ಧತಿಗಳಿದ್ದವು. ಒಂದು ಕಡೆ ಬಾ ಎಂದ ಬಣ್ಣ ಇನ್ನೊಂದು ಕಡೆ ಹೋಗು ಎನ್ನುತ್ತಿತ್ತು. 1980ರಲ್ಲಿ ಒಪ್ಪಂದವಾದ ಮೇಲೂ ಜಗತ್ತು ಎರಡು ವಲಯವಾಗಿಯೇ ಉಳಿಯಿತು. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಕಡೆ ಇಂದಿಗೂ ಕೆಂಪು ಬಲಕ್ಕೆ. 2002ರ ಡಿಸೆಂಬರ್ 14ರಂದು ಇಂಗ್ಲಿಷ್ ಕಾಲುವೆಯಲ್ಲಿ ಟ್ರೈಕಲರ್ ಎಂಬ ಕಾರು ಸಾಗಿಸುವ ಹಡಗು ಡಿಕ್ಕಿಯಾಗಿ ಮುಳುಗಿತು. ಸುತ್ತ ಕಾವಲು ಹಡಗುಗಳಿದ್ದವು, ಬೋಯಾಗಳಿದ್ದವು. ಆದರೂ ಎರಡೇ ದಿನದಲ್ಲಿ ಇನ್ನೊಂದು ಹಡಗು, ಹೊಸ ವರ್ಷದ ದಿನ ಮತ್ತೊಂದು ಹಡಗು ಆ ಅವಶೇಷದ ಮೇಲೆಯೇ ಹೋಗಿ ಬಡಿದವು. ಇವತ್ತು ಹೊಸದಾಗಿ ಮುಳುಗಿದ ಹಡಗಿನ ಬಳಿ ಇಡುವ ನೀಲಿ-ಹಳದಿ ಪಟ್ಟೆಯ ಬೋಯಾ ಹುಟ್ಟಿದ್ದು ಆ ಪಾಠದಿಂದ. ನಾನು ತರಬೇತಿಗಳಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಗುರುತು ಇದ್ದ ಮಾತ್ರಕ್ಕೆ ಸಾಲದು ಎಂದು ಬೆರಳೆತ್ತಿ ಹೇಳಿದ್ದೇನೆ. ಹೇಳುವುದಕ್ಕೂ ದೋಣಿಯಲ್ಲಿ ನಿಂತು ಅನುಭವಿಸುವುದಕ್ಕೂ ನಡುವೆ ಆ ಒಂದು ಮಾರು ನೀರಿದೆ.

ಮನೆಗೆ ಬರುವ ದಾರಿಯುದ್ದಕ್ಕೂ ಆ ಮೂರು ಬೋಟುಗಳು ತಪ್ಪು ಮಗ್ಗುಲಿನಿಂದ ನಿರಾಳವಾಗಿ ಬಂದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಊರಿನವರಿಗೆ ನನ್ನ ಬೋಯಾ ಬೇಕೇ ಆಗಿಲ್ಲ. ಅದು ಬೇಕಾಗಿರುವುದು ಪರಸ್ಥಳದವನಿಗೆ: ಗಾಳಿ ಎದ್ದ ರಾತ್ರಿ, ಈ ಅಳಿವೆಯನ್ನು ಎಂದೂ ಕಾಣದ ಕೇರಳದ್ದೋ ಗೋವಾದ್ದೋ ಬೋಟು ಆಸರೆ ಹುಡುಕಿಕೊಂಡು ಒಳಗೆ ಬರುವಾಗ. ನಿಯಮ ಗೊತ್ತಿರುವ, ಪಾಲಿಸುವ ಮನುಷ್ಯ ಹಸಿರನ್ನು ಬಲಕ್ಕೆ ಬಿಟ್ಟು ನೇರವಾಗಿ ಮರಳಿಗೆ ಬಡಿಯುತ್ತಾನೆ. ನಿಯಮ ಮುರಿದವನು ಮನೆ ಸೇರುತ್ತಾನೆ. ಸರ್ಕಾರದ ಗುರುತೊಂದು ತನ್ನನ್ನು ನಂಬಿದವನಿಗೇ ಕೇಡು ಬಗೆಯುವ ಸ್ಥಿತಿಗೆ ಬಂದದ್ದನ್ನು ಪರಿಶೀಲನಾ ನಮೂನೆಯ ಯಾವ ಕಾಲಮ್ಮಿನಲ್ಲಿ ಬರೆಯುವುದು? ಸ್ಥಾನ, ಬಣ್ಣ, ದೀಪ, ಶಿರೋಗುರುತು, ಸರಪಳಿ, ಎಲ್ಲಕ್ಕೂ ಜಾಗವಿದೆ. ಆಳಕ್ಕೆ ಇಲ್ಲ. ಆಳ ಅಳೆಯುವುದು ಇನ್ನೊಂದು ಕಚೇರಿಯ ಕೆಲಸ, ಹೂಳೆತ್ತುವುದು ಮತ್ತೊಂದರದು. ಮೂರೂ ಕಚೇರಿಗಳು ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿವೆ ಎಂದು ಕಾಗದದ ಮೇಲೆ ತೋರಿಸಬಲ್ಲೆ.

ಬೋಯಾವನ್ನು ಸರಪಳಿ, ಕಾಂಕ್ರೀಟ್ ತೂಕದ ಸಮೇತ ಎತ್ತಿ ಹೊಸ ಜಾಗಕ್ಕೆ ಇಡಲು ಕ್ರೇನ್ ಇರುವ ಬಾರ್ಜ್ ಬೇಕು. ಅದಕ್ಕೂ ಮೊದಲು ಹೊಸ ಆಳಗಳ ಸರ್ವೆ ಆಗಬೇಕು. ಬುಧವಾರ ಬೆಳಿಗ್ಗೆ ಮೇಲಧಿಕಾರಿಗಳಿಗೆ ಫೋನ್ ಮಾಡಿ, ಅಲ್ಲಿಯವರೆಗೆ ದೀಪ ತೆಗೆಸುತ್ತೇನೆ, ಬಂದರು ಕಚೇರಿಗೂ ಕೋಸ್ಟ್ ಗಾರ್ಡ್‌ಗೂ ಮೀನುಗಾರರ ಸಂಘಗಳಿಗೂ ಎಚ್ಚರಿಕೆ ಕಳಿಸುತ್ತೇನೆ ಎಂದೆ. "ಉರಿಯುತ್ತಿರುವ ದೀಪ ತೆಗೆದರೆ ನಿಮ್ಮ ಶೇಕಡಾ ಏನಾಗುತ್ತದೆ ನೋಡಿಕೊಂಡಿದ್ದೀರಾ?" ಎಂದು ಕೇಳಿದರು. ನೋಡಿಕೊಂಡಿದ್ದೆ. ಮೂರು ವರ್ಷದಲ್ಲಿ ದೀಪ ಕೆಡಬಹುದಾದ ದಿನಗಳೆಂದು 99ಕ್ಕೆ ಸಿಗುವ ರಿಯಾಯಿತಿ ಹನ್ನೊಂದು ದಿನ. ಅದರಲ್ಲಿ ಉಳಿದಿದ್ದದ್ದು ಎರಡು ದಿನ ಚಿಲ್ಲರೆ. ಅವರು ಕೆಟ್ಟವರಲ್ಲ. ಒಂದು ನಿಟ್ಟುಸಿರು ಬಿಟ್ಟು, "ಷರಾದಲ್ಲಿ ವಿವರವಾಗಿ ಬರೆಯಿರಿ" ಎಂದರು.

ಸಂಜೆ ಅದೇ ತಾಂಡೇಲರ ದೋಣಿಯಲ್ಲಿ ಹೋದೆವು. ನೀಲಿ ಡ್ರಮ್ಮಿನ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕಿರಿಯ ಎಂಜಿನಿಯರ್ ಮಾತ್ರ ಪುಸ್ತಕ ತೆರೆದು ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ. ತಂತ್ರಜ್ಞ ಬೋಯಾ ಹತ್ತಿ, ಬೋಲ್ಟ್ ಬಿಚ್ಚಿ, ದೀಪವನ್ನು ಇಳಿಸಿಕೊಟ್ಟ. ಗೋಣಿಚೀಲದಲ್ಲಿ ಸುತ್ತಿ ಜೀಪಿನ ಹಿಂದೆ ಇಟ್ಟೆವು. ಕತ್ತಲಾದರೆ ತಾನೇ ಹತ್ತಿಕೊಳ್ಳುವ ದೀಪ ಅದು, ಗೋಣಿಯೊಳಗಿನ ಕತ್ತಲೆಯೂ ಅದಕ್ಕೆ ರಾತ್ರಿಯೇ. ಕುಂದಾಪುರ ದಾಟುವವರೆಗೂ ಚೀಲದ ನೂಲಿನ ಸಂದಿಯಿಂದ, ಮೂರು ಸೆಕೆಂಡಿಗೊಮ್ಮೆ, ಜೀಪಿನೊಳಗೆಲ್ಲ ಹಸಿರು ಮಿಂಚುತ್ತಿತ್ತು.